ಗಿಣ್ಣಿಗೆ ಬಂದವರು

ಆ ವರ್ಷ ಆಡು ಈಯುವ ಕಾಲ ಬಂದಾಗ ನಮ್ಮ ಮನೆಯ ಫೋನಿಗೆ ಬಿಡುವೇ ಇರಲಿಲ್ಲ. ಒಬ್ಬರಾದರೂ ಆಡು ಹೇಗಿದೆ ಎಂದು ಕೇಳಿದ್ದುಂಟೇ? ಎಲ್ಲರದೂ ಒಂದೇ ಪ್ರಶ್ನೆ: "ಗಿಣ್ಣು ಹಾಲು ಯಾವಾಗ ಸಿಗತ್ತೆ?" ಈದ ಮೇಲೆ ಮೊದಲು ಇಳಿಯುವ ಹಳದಿ ಬಣ್ಣದ ಗಟ್ಟಿ ಹಾಲು ಅದು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಗಿಣ್ಣು. ಅಂಗಡಿಯಲ್ಲಿ ಸಿಗುವ ಪದಾರ್ಥವಲ್ಲವಾದ್ದರಿಂದ ಈ ಪರದೇಶದಲ್ಲಿ ರೆಡ್ಮಂಡಿನಿಂದ ಲಿನ್‌ವುಡ್‌ವರೆಗೆ ನೆಲೆಸಿದ್ದ ನಮ್ಮ ಕನ್ನಡದವರೆಲ್ಲ ನಮ್ಮ ಆಡಿನ ಹೊಟ್ಟೆಯ ಮೇಲೆ ಕಣ್ಣಿಟ್ಟಿದ್ದರು.

ಇದಕ್ಕೆಲ್ಲ ಕಾರಣ ನನ್ನ ಗಂಡ. ಆಗಷ್ಟೇ ಶುರುವಾಗಿದ್ದ ವಾಟ್ಸಾಪ್ ಗುಂಪಿನಲ್ಲಿ "ಈ ಸಲ ಎಲ್ಲರಿಗೂ ಗಿಣ್ಣು" ಎಂದು ಡಂಗುರ ಸಾರಿಬಿಟ್ಟಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ. ವಾರವಿಡೀ ಓವರ್‌ಲೇಕ್‌ನ ಆಫೀಸಿನಲ್ಲಿ ಬೆಚ್ಚಗೆ ಕೂತು, ಶನಿವಾರ ಗಮ್‌ಬೂಟು ಹಾಕಿಕೊಂಡು ಫೋಟೊ ತೆಗೆಸಿಕೊಂಡರೆ ಅವನ ಬೇಸಾಯ ಮುಗಿಯಿತು. ಗೊಬ್ಬರ ಎತ್ತುವವಳು, ಗೊರಸು ಕತ್ತರಿಸುವವಳು, ಸೋನೆ ಮಳೆಯಲ್ಲಿ ಒಣಹುಲ್ಲು ಹೊರುವವಳು ನಾನು. ಆಡು ಮುಟ್ಟದ ಸೊಪ್ಪಿಲ್ಲ ಎಂದವರು ನಮ್ಮ ಆಡುಗಳನ್ನು ಕಂಡಿರಲಿಲ್ಲ. ಒಂದು ಹನಿ ಮಳೆ ತಾಗಿದ ಹುಲ್ಲನ್ನೂ ಅವು ಮೂಸುತ್ತಿರಲಿಲ್ಲ.

ಆ ವರ್ಷ ಅತ್ತೆಯೂ ನಮ್ಮಲ್ಲಿದ್ದರು. ತುಮಕೂರಿನ ಕಡೆ ಹಸುಗಳ ನಡುವೆ ಬೆಳೆದವರು. ಬಂದ ಮೊದಲ ವಾರವೇ "ಆಡಿನ ಹಾಲು ವಾಸನೆ" ಎಂದು ಮೂಗು ಮುರಿದಿದ್ದರು, ಆಮೇಲೆ ದಿನಾ ಎರಡು ಲೋಟ ಕಾಫಿ ಅದರಲ್ಲೇ ಕುಡಿಯುತ್ತಿದ್ದರು. ನಾನು ಅವರಿಗೂ ಅವರ ಮಗನಿಗೂ ಬಾಯಿ ನೋಯುವಷ್ಟು ಹೇಳಿದ್ದೆ: ಮೊದಲ ಹಾಲು ಮರಿಗಳದ್ದು. ಹುಟ್ಟಿದ ಕೂಡಲೇ ಅದು ಹೊಟ್ಟೆಗೆ ಬೀಳದಿದ್ದರೆ ಮರಿಯ ಮೈಗೆ ಕಾವೂ ಇಲ್ಲ, ಕಾಯಿಲೆ ತಡೆಯುವ ಶಕ್ತಿಯೂ ಇಲ್ಲ. ಉಳಿದರೆ ಗಿಣ್ಣು, ಇಲ್ಲದಿದ್ದರೆ ಇಲ್ಲ. ಇಬ್ಬರೂ ತಲೆಯಾಡಿಸಿದ್ದರು.

ಒಂದು ಶನಿವಾರ, ಉದ್ದ ಕಿವಿಯ ದೊಡ್ಡ ಆಡು ಬೆಳಗಿನಿಂದ ನೆಲ ಕೆರೆಯುತ್ತಿತ್ತು. ನಾನು ಕೊಟ್ಟಿಗೆ ಬಿಟ್ಟು ಕದಲಿರಲಿಲ್ಲ. ಆದರೆ ಒಣಹುಲ್ಲು ಮುಗಿದಿತ್ತು, ಅಂಗಡಿ ಮಧ್ಯಾಹ್ನಕ್ಕೆ ಮುಚ್ಚುತ್ತಿತ್ತು. "ನೀನು ಹೋಗಿ ತಾ" ಅಂದರೆ ನನ್ನ ಗಂಡನಿಗೆ ಯಾವ ಹುಲ್ಲು ಎಂದು ಗೊತ್ತಿಲ್ಲ. ಸರಿ, ಹಣೆಬರಹ ಎಂದು ನಾನೇ ಹೊರಟೆ. "ಮರಿ ಹಾಕಿದ್ರೆ ಕಾಲ್ ಮಾಡು. ನಾನು ಬರೋವರೆಗೂ ಕೆಚ್ಚಲು ಮುಟ್ಟಬೇಡಿ" ಎಂದೆ.

ಕಾಲ್ ಬರಲಿಲ್ಲ. ಎರಡು ಮೂರು ಗಂಟೆ ಬಿಟ್ಟು ವಾಪಸು ಬಂದಾಗ ಅಂಗಳದಲ್ಲಿ ಗಂಡನ ಸಹೋದ್ಯೋಗಿಯ ಕಾರು ನಿಂತಿತ್ತು. ಬಾಗಿಲು ತೆಗೆದರೆ ಏಲಕ್ಕಿಯ ಘಮ! ಊಟದ ಮೇಜಿನ ಸುತ್ತ ಆ ಸಹೋದ್ಯೋಗಿ, ಅವನ ಹೆಂಡತಿ, ನನ್ನ ಗಂಡ, ನನ್ನ ಆರು ವರ್ಷದ ಮಗಳು. ಎಲ್ಲರ ಮುಂದೆ ತಟ್ಟೆ, ತಟ್ಟೆಯಲ್ಲಿ ನಡುಗುವ ಹಳದಿ ತುಂಡುಗಳು.

"ಸೂಪರ್ ಆಗಿದೆ ಆಂಟಿ, ಊರಲ್ಲಿ ತಿಂದಂಗೇ ಇದೆ" ಎಂದಳು ಆಕೆ ಅತ್ತೆಗೆ.

ನನ್ನ ಮೈಯೆಲ್ಲ ಉರಿದುಹೋಯಿತು. "ಏನಿದು? ಯಾರು ಹಾಲು ಕರೆದಿದ್ದು?"

"ಎರಡು ಮರಿ ಹಾಕ್ತು ಕಣೇ, ಮುದ್ದಾಗವೆ" ಎಂದರು ಅತ್ತೆ, ಸಡಗರದಿಂದ. "ಎರಡೂ ಹೊಟ್ಟೆತುಂಬ ಕುಡಿದ್ವು. ಆಮೇಲೇ ನಾನು ಕರಕೊಂಡಿದ್ದು. ನನಗೆ ಅಷ್ಟೂ ಗೊತ್ತಾಗಲ್ವಾ?"

"ಮಾಸು ಬಿದ್ದಿತ್ತಾ?"

"ಬೀಳುತ್ತೆ ಬಿಡು, ಅದಕ್ಕೇನು ಅವಸರ."

ಹಸು ಒಂದು ಕರು ಹಾಕಿ ಸುಮ್ಮನಾಗುತ್ತದೆ. ಆಡಿಗೆ ಆ ಕಟ್ಟುಪಾಡಿಲ್ಲ, ಕೊನೆಯ ಮರಿಯ ಹಿಂದೆ ಹೊರಬರುವ ಮಾಸು ಬೀಳುವವರೆಗೆ ಹೊಟ್ಟೆ ಖಾಲಿಯಾಯಿತು ಎನ್ನುವ ಹಾಗಿಲ್ಲ. ಹುಲ್ಲಿನ ಚೀಲ ಅಲ್ಲೇ ಎಸೆದು ಕೊಟ್ಟಿಗೆಗೆ ಓಡಿದೆ. ಮೂರನೆಯದು ಮೂಲೆಯ ಒದ್ದೆ ಹುಲ್ಲಿನಲ್ಲಿ ಬಿದ್ದಿತ್ತು. ಹೆಣ್ಣುಮರಿ, ಅಂಗೈಯಗಲದ ಮೈ. ತಾಯಿ ಅದನ್ನು ನೆಕ್ಕಿಯೂ ಇರಲಿಲ್ಲ. ಬಾಯೊಳಗೆ ಬೆರಳಿಟ್ಟರೆ ತಣ್ಣಗಿತ್ತು. ಕೆಚ್ಚಲು ಹಿಂಡಿದೆ. ಅತ್ತೆಯ ಪಳಗಿದ ಕೈ ಒಂದು ತೊಟ್ಟೂ ಉಳಿಸಿರಲಿಲ್ಲ.

ಮರಿಯನ್ನು ಟವೆಲಿನಲ್ಲಿ ಸುತ್ತಿ ಗಂಡನ ಮಡಿಲಿಗೆ ಹಾಕಿ, ರಸ್ತೆಯ ಕೊನೆಯಲ್ಲಿ ಆಡು ಸಾಕಿದ್ದ ಮುದುಕಿಯ ಮನೆಗೆ ಕಾರು ಓಡಿಸಿದೆ. ಆಕೆ ಫ್ರೀಜರಿನಿಂದ ಇದ್ದೊಂದು ಬಾಟಲಿ ಗಿಣ್ಣು ಹಾಲು ತೆಗೆದುಕೊಟ್ಟಳು. ಮನೆಗೆ ಬಂದು ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು, "ಹೀಗೇ ಕರಗಲಿ, ಮುಟ್ಟಬೇಡ" ಎಂದು ಗಂಡನಿಗೆ ಹೇಳಿ ಮರಿಯ ಮೈ ಉಜ್ಜತೊಡಗಿದೆ. ಅಡುಗೆಮನೆಯಿಂದ ಟಿಣ್ ಎಂಬ ಸದ್ದು ಕೇಳಿಸಿತು.

"ಬೇಗ ಆಗ್ಲಿ ಅಂತ ಮೈಕ್ರೋವೇವ್‌ಗೆ ಇಟ್ಟೆ" ಎಂದು ಬಾಟಲಿ ಹಿಡಿದು ಬಂದ. ಬೋರಲು ಹಾಕಿದರೂ ಒಂದು ಹನಿ ಬೀಳಲಿಲ್ಲ. ಒಳಗೆ ಗಿಣ್ಣು ಗಟ್ಟಿಯಾಗಿ ಕೂತಿತ್ತು.

ತಲೆ ಚಚ್ಚಿಕೊಂಡೆ. "ಥೂ, ನಿಮಗೆಲ್ಲ ಇನ್ನೂ ಸಾಕಾಗಿಲ್ವಾ? ತಗೊಳ್ಳಿ, ಇದನ್ನೂ ತಿನ್ನಿ!" ಎಂದು ಕಿರುಚಿದೆ. ಬಂದವರು ಗಾಬರಿಯಾಗಿ ಎದ್ದರು. ಅಷ್ಟು ಗಾಬರಿಯಲ್ಲೂ ಸಹೋದ್ಯೋಗಿಯ ಹೆಂಡತಿ ಮನೆಗೆ ಒಯ್ಯಲು ಗಿಣ್ಣು ತುಂಬಿಕೊಂಡಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ಒತ್ತಿ ನೋಡುವುದನ್ನು ಮರೆಯಲಿಲ್ಲ.

ಆಮೇಲೆ ಮತ್ತೆ ಮತ್ತೆ ಕೆಚ್ಚಲು ಹಿಂಡಿದೆ. ಸಂಜೆಯ ಹೊತ್ತಿಗೆ ಚಮಚದಷ್ಟು ಸಿಕ್ಕಿತು. ಆದರೆ ಮರಿಗೆ ನುಂಗುವ ಶಕ್ತಿಯೇ ಇರಲಿಲ್ಲ. ಹಾಲು ತುಟಿಯಂಚಿನಿಂದ ಹೊರಗೇ ಇಳಿಯಿತು. ಕತ್ತಲಾಗುವ ಮೊದಲೇ ಅದು ನನ್ನ ತೊಡೆಯ ಮೇಲೆ ಸತ್ತಿತು. ಅಷ್ಟು ಸಣ್ಣ ಮರಿ ಹೇಗೂ ಉಳಿಯುತ್ತಿರಲಿಲ್ಲ ಎಂದು ಮುದುಕಿ ಆಮೇಲೆ ಹೇಳಿದಳು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಕೊಟ್ಟಿಗೆಯ ಬಾಗಿಲಲ್ಲಿ ಅತ್ತೆ ಮೊಮ್ಮಗಳ ಕೈಹಿಡಿದು ನಿಂತಿದ್ದರು. ಮರಿ ಯಾಕೆ ಅಲುಗುತ್ತಿಲ್ಲ ಎಂದು ಮಗಳು ಕೇಳಿದಳು.

"ಅದಕ್ಕೆ ಬೇಕಾಗಿದ್ದ ಹಾಲು ಇರಲಿಲ್ಲ ಪುಟ್ಟಿ. ಎಲ್ಲಾ ಗಿಣ್ಣು ಮಾಡಿಬಿಟ್ರು" ಎಂದೆ, ಅತ್ತೆಯ ಮುಖ ನೋಡುತ್ತ. ಅವರಿಗೆ ತಾಗಲಿ ಎಂದೇ ಆಡಿದ ಮಾತು.

ಮಗಳು ಅಜ್ಜಿಯ ಮುಖ ನೋಡಿದಳು. "ಸೋ, ಐ ಏಟ್ ಹರ್ ಮಿಲ್ಕ್?"

ಅಷ್ಟು ಇಂಗ್ಲಿಷು ಅತ್ತೆಗೂ ಬರುತ್ತಿತ್ತು. ಅವರು ಮಂಡಿಯೂರಿ ಕೂತು ಅವಳ ಮುಖವನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. "ಇಲ್ಲ ಮಗ, ನೀನು ತಿಂದಿದ್ದಲ್ಲ. ನಾನು ತಿನ್ಸಿದ್ದು. ತಪ್ಪು ನಂದು."

ಮಧ್ಯಾಹ್ನದಿಂದ ಈ ಮಾತನ್ನು ಅವರ ಬಾಯಿಂದಲೇ ಕೇಳಬೇಕೆಂದು ಹಲ್ಲು ಕಚ್ಚಿಕೊಂಡಿದ್ದೆ. ಕೇಳಿದಾಗ ಬೇಡವಾಗಿತ್ತು ಅನ್ನಿಸಿತು. ಮಗಳು ಮಾತ್ರ ಸ್ವೆಟರಿನ ತೋಳಿನಿಂದ ಬಾಯಿ ಒರೆಸಿಕೊಳ್ಳುತ್ತಲೇ ಇದ್ದಳು.