ಮುಚ್ಚಳ ತೆಗೆಯದೆ ಕೊಂಡ ಕರಡಿಗೆ

ಹಳೇ ಸಾಮಾನು ಕೊಳ್ಳುವುದು ಹೇಗೆಂದು ಈಗಲೂ ಯಾರಾದರೂ ನನ್ನನ್ನು ಕೇಳುವುದುಂಟು. ನನಗೆ ಸಿಟ್ಟು ಬರುತ್ತದೆ. ಬಡಿದು ನೋಡಿದರೆ ಕಂಚು ಯಾವುದು, ಹಿತ್ತಾಳೆ ಯಾವುದು ಎಂದು ದನಿಯಲ್ಲೇ ತಿಳಿಯುತ್ತದೆ; ತಳ ತಿರುಗಿಸಿ ನೋಡಬೇಕು; ಹುಣಸೆಹಣ್ಣು ಹಾಕಿ ಉಜ್ಜಬಾರದು. ಇಷ್ಟನ್ನು ಒಂದು ಬೆಳಿಗ್ಗೆಯಲ್ಲಿ ಕಲಿಸಿಬಿಡಬಹುದು. ಮಿಕ್ಕದ್ದನ್ನು ನಾನು ಕಲಿತ ಹಾಗೆ ಯಾರೂ ಕಲಿಯುವುದು ಬೇಡ.

ಯುದ್ಧದ ಕಾಲ. ನನಗೆ ಇಪ್ಪತ್ತೆರಡು. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಮನೆಯಲ್ಲಿ ದಂಡಪಿಂಡವಾಗಿ ಕೂತಿದ್ದವನನ್ನು ಹೊಳೆನರಸೀಪುರದ ನನ್ನ ಸೋದರಮಾವ ಕರೆಸಿಕೊಂಡರು. ಅವರದು ಪಾತ್ರೆ ಅಂಗಡಿ. ಹೊಸ ಹಿತ್ತಾಳೆ ಬರುವುದು ನಿಂತಿದ್ದರಿಂದ, ಮನೆಗಳ ಅಟ್ಟದಲ್ಲಿದ್ದ ಹಳೇ ದೀಪ, ಗಿಂಡಿ, ಬೆಳ್ಳಿ ಸಾಮಾನು ಕೊಂಡು ಮೈಸೂರಿನ ಶೋಕಿಯವರಿಗೆ ಮಾರುತ್ತಿದ್ದರು. ಊರೂರು ಅಲೆಯುವ ಕೆಲಸ ನನ್ನದಾಯಿತು.

ಮೊದಲ ತಿಂಗಳಲ್ಲೇ ಚನ್ನರಾಯಪಟ್ಟಣದಲ್ಲಿ ಒಬ್ಬ ನನಗೆ ಟೋಪಿ ಹಾಕಿದ. ಹೊಸ ದೀಪಕ್ಕೆ ಎಣ್ಣೆ, ಮಸಿ ಮೆತ್ತಿ, ಬೆಚ್ಚನೆಯ ಬೂದಿಯಲ್ಲಿ ಹೂತಿಟ್ಟು, ತನ್ನ ಮುತ್ತಜ್ಜನ ಕಾಲದ್ದೆಂದು ಕೊಟ್ಟಿದ್ದ. ಮಾವ ಅದನ್ನು ಉಗುರಿನಲ್ಲಿ ಒಂದು ಸಲ ಕೆರೆದು ನಕ್ಕರು. ಆಮೇಲೆ ಕೂರಿಸಿಕೊಂಡು ಹೇಳಿದರು: “ಮಕ ಸತ್ತಂಗಿಟ್ಕಬೇಕು ಕಣ್ಲಾ. ಕೊಡೋರ ಮನೇಲಿ ಏನ್ನೂ ಬಿಚ್ಚಿ ನೋಡ್ಬ್ಯಾಡ. ಬಿಚ್ಚಿದ್ರೆ ಆಸೆ ಕಾಣ್ತದೆ, ಆಸೆ ಕಂಡ್ರೆ ರೇಟು ಏರ್ತದೆ. ಕೈಲಿ ತೂಗ್ನೋಡು, ಬೇಡದೋನಂಗೆ ಕೇಳು, ಎತ್ಕಂಡು ಬಾ.” ನಾನು ಅದನ್ನು ಗಿಣಿಪಾಠ ಮಾಡಿಕೊಂಡೆ.

ಅರಕಲಗೂಡಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದರು. ಲಿಂಗ ಕಟ್ಟುವ ಮನೆತನ. ಬಟ್ಟೆಗೆ ಕಂಟ್ರೋಲು ಬಂದು ಅಂಗಡಿ ಬಾಗಿಲು ಹಾಕಿತ್ತು. ಹೆಂಡತಿಗೆ ಕಾಣದ ಹಾಗೆ ನನ್ನನ್ನು ಹಿತ್ತಿಲ ಬಾಗಿಲಿಗೆ ಕರೆದು, ಟವಲಿನಲ್ಲಿ ಸುತ್ತಿದ್ದ ಬೆಳ್ಳಿ ಕರಡಿಗೆಯೊಂದನ್ನು ಕೈಗಿಟ್ಟರು. ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಹಾಕಿಕೊಳ್ಳುವ ಪುಟ್ಟ ಭರಣಿ ಅದು. “ನಮ್ಮಪ್ಪಂದು ಕಣ್ ತಮ್ಮ. ಲಿಂಗ ಅವ್ರ ಕೈಲೇ ಸಮಾಧಿಗೆ ಓಯ್ತು. ಇದು ಬರೀದು,” ಎಂದರು. ಕೈಯಲ್ಲಿ ತೂಗಿದೆ. ಭಾರ. ಬೆಳ್ಳಿ ದಪ್ಪಗಿದೆ, ಇವರಿಗೆ ಗೊತ್ತಿಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಮುಖ ಸತ್ತ ಹಾಗಿತ್ತು. ಮುಚ್ಚಳ ತೆಗೆಯಲಿಲ್ಲ. ಅಂದೇ ತಂದು ಮಾವನಿಗೆ ಕೊಟ್ಟು ಶಹಭಾಷ್ ಅನ್ನಿಸಿಕೊಂಡೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಆ ವ್ಯಾಪಾರಿ ಬಂದಿಳಿದರು. ಕಾಲಿಗೆ ಚಪ್ಪಲಿಯಿರಲಿಲ್ಲ. ನನ್ನನ್ನು ಬೀದಿಯ ತುದಿಗೆ ಕರೆದುಕೊಂಡು ಹೋಗಿ ವಿಷಯ ಹೇಳಿದರು. ಅವರ ತಾಯಿಗೆ ಜ್ವರ. ಕುತ್ತಿಗೆಯಲ್ಲಿ ಕುರು ಎದ್ದು ಕರಡಿಗೆ ತೂಗುವ ಶಿವದಾರ ಒತ್ತುತ್ತಿತ್ತೆಂದು, ಮುದುಕಿ ಮೈಮರೆತು ಮಲಗಿದ್ದಾಗ ಸೊಸೆ ಅದನ್ನು ಬಿಚ್ಚಿ ಗೂಡಿನಲ್ಲಿ ಇಟ್ಟಿದ್ದಳು, ತೀರಿಹೋದ ತನ್ನ ಮಾವನ ಬರಿ ಕರಡಿಗೆಯ ಪಕ್ಕದಲ್ಲೇ. ಮಗ ಗಡಿಬಿಡಿಯಲ್ಲಿ ಕೈಹಾಕಿ ತಾಯಿಯದನ್ನೇ ಎತ್ತಿ ಕೊಟ್ಟಿದ್ದರು.

“ಪೂಜೆ ಇಲ್ದೆ ನಮ್ಮವ್ವ ಒಂದು ತೊಟ್ಟು ನೀರೂ ಕುಡಿಯಾಕಿಲ್ಲ. ದಾರ ಆಕ್ಸಾಕೆ ಕೊಟ್ಟಿವ್ನಿ ಅಂತ ಸುಳ್ಳೇಳಿ ಬಂದಿವ್ನಿ. ನೆನ್ನೆಯಿಂದ ತುಟಿ ಒಣಗೋಗದೆ. ಕೊಟ್ಬುಡು ತಮ್ಮ, ನಿನ್ನ ದುಡ್ಡು ತಗೋ.”

ಅವರನ್ನು ಅಲ್ಲೇ ನಿಲ್ಲಿಸಿ ಅಂಗಡಿಗೆ ಓಡಿದೆ. ಕರಡಿಗೆ ಇತ್ತು, ಖಾಲಿ. ಮಾವ ಪೂಜೆ ಮುಗಿಸಿ ವಿಭೂತಿ ಇಟ್ಟುಕೊಂಡು ಕೂತಿದ್ದರು. “ಒಳ್ಗೆ ಲಿಂಗ ಇತ್ತಲ್ಲೋ. ಯಾರ್ದೋ ಸತ್ತೋರ್ದು ಅಂತ ಕಾಣ್ತದೆ. ಲಿಂಗ ಕಟ್ದಿರೋ ನಮ್ಮಂತೋರ ಮನೇಲಿ ಮಡಗ್ಬಾರ್ದು ಅಂತ ವೊತ್ತಾರೇನೇ ಹೂವು, ಪತ್ರೆ ಹಾಕಿ ಹೇಮಾವತಿ ಮಡುವಿಗೆ ಬುಟ್ಬಂದೆ,” ಎಂದರು. ಒಳ್ಳೇ ಕೆಲಸ ಮಾಡಿದ ನೆಮ್ಮದಿ ಅವರ ಮುಖದಲ್ಲಿತ್ತು.

ಬೀದಿಗೆ ಹೋಗಿ ನಿಜ ಹೇಳಬೇಕಿತ್ತು. ಹೇಳಿದ್ದರೆ ಅವರು ಗುರುಗಳಾದ ಊರಿನ ಅಯ್ಯನವರ ಕಾಲಿಗೆ ಬಿದ್ದು ಬೇರೆ ಲಿಂಗಧಾರಣೆ ಮಾಡಿಸಬಹುದಿತ್ತು. ಆ ದಾರಿ ಅವರಿಗಿತ್ತು. ನಾನು ಹೇಡಿ. “ಹಾಸನಕ್ಕೆ ಕಳಿಸ್ಬಿಟ್ಟಿದ್ದೀವಿ ಯಜಮಾನ್ರೇ, ನಾಳೆ ಮಧ್ಯಾಹ್ನದೊಳಗೆ ನಾನೇ ತಂದ್ಕೊಡ್ತೀನಿ,” ಎಂದೆ. ಅವರು ನನಗೆ ಕೈಮುಗಿದರು, ನನ್ನ ತಂದೆಯ ವಯಸ್ಸಿನವರು.

ಖಾಲಿ ಕರಡಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಹಾಸನ ಮುಟ್ಟುವುದರೊಳಗೆ ಹೊತ್ತು ಇಳಿದಿತ್ತು. ಪೂಜಾ ಸಾಮಾನಿನ ಅಂಗಡಿಯಲ್ಲಿ ಹೊಸ ಲಿಂಗವೊಂದನ್ನು ಕೊಂಡೆ. ಛತ್ರದಲ್ಲಿ ಕೂತು, ಚನ್ನರಾಯಪಟ್ಟಣದವನು ದೀಪಕ್ಕೆ ಮಾಡಿದ್ದನ್ನೇ ನಾನು ಅದಕ್ಕೆ ಮಾಡಿದೆ. ಎಣ್ಣೆ, ಮಸಿ, ವಿಭೂತಿ. ಹಳೇ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ಕೊಂದೆ. ಕರಡಿಗೆಯಲ್ಲಿಟ್ಟಾಗ ನನಗೇ ನಂಬಿಕೆ ಬರುವ ಹಾಗಿತ್ತು. ಹೇಸಿಗೆ ಕೆಲಸ. ಆದರೆ ಕೈ ನಡುಗಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

ಮಾರನೆಯ ದಿನ ಅರಕಲಗೂಡು ತಲುಪಿದಾಗ ನಡುಮಧ್ಯಾಹ್ನ. ಮುದುಕಿ ನಡುಮನೆಯಲ್ಲಿ ಗೋಡೆಗೆ ದಿಂಬಿಟ್ಟು ಒರಗಿದ್ದರು, ತುಟಿ ಬಿರಿದಿತ್ತು. ಮಗ ಕರಡಿಗೆ ತೆರೆದು ಲಿಂಗವನ್ನು ಅವರ ಎಡಗೈಗೆ ಇಟ್ಟು, “ಬಂತು ಕಣವ್ವ,” ಎಂದು ಅತ್ತುಬಿಟ್ಟರು. ನೀರು ತರಲು ಒಳಗೆ ಓಡಿದರು. ಸೊಸೆ ಹೂವಿಗೆಂದು ಹಿತ್ತಿಲಿಗೆ ಹೋದಳು.

ಮುದುಕಿ ನೋಡಲೇ ಇಲ್ಲ. ಬೆರಳನ್ನು ಅದರ ಮೇಲೆ ಒಮ್ಮೆ ಆಡಿಸಿದರು, ಅಷ್ಟೇ. ಅವರದು ತೊಟ್ಟಿಲಿನಲ್ಲಿದ್ದಾಗ ಗುರು ಕಟ್ಟಿದ್ದು, ಎಪ್ಪತ್ತು ವರ್ಷ ದಿನವೂ ಅಂಗೈಯಲ್ಲಿ ಹಿಡಿದದ್ದು. ಅದರ ಮುಂದೆ ನನ್ನ ಮಸಿ ಯಾವ ಲೆಕ್ಕ?

“ಇದು ನಂದಲ್ಲ ಮಗ,” ಎಂದು ನನಗೆ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

ನಾನು ಮಗ ಹೋದ ಒಳಬಾಗಿಲ ಕಡೆ ನೋಡಿದೆ.

“ಅವ್ನಿಗೆ ಏಳ್ಬ್ಯಾಡ. ತಾಯ್ನ ಕೊಂದೆ ಅಂತ ಕೊರ್ಗಿ ಕೊರ್ಗಿ ಸತ್ತೋಯ್ತಾನೆ. ಮಕ್ಕಳೊಂದಿಗ.”

ಮಗ ನೀರು ತಂದರು. ಮುದುಕಿ ಲಿಂಗಕ್ಕೆ ಹೂವೇರಿಸಿ ಕಣ್ಣು ಮುಚ್ಚಿದರು. ಆಮೇಲೆ ಮಗ ಲೋಟವನ್ನು ಬಾಯಿಗೆ ಹಿಡಿದಾಗ ಗಂಟಲು ಆಡಿಸಿದರು. ನಾನು ಮಗನಿಗೆ ಕಾಣದ ಆಚೆ ಬದಿಯಲ್ಲಿ ಕೂತಿದ್ದೆ. ಅಷ್ಟು ನೀರೂ ಬಾಯಿಯ ಅಂಚಿನಿಂದ ಇಳಿದು ನನ್ನ ಕಡೆಯ ದಿಂಬಿಗೆ ಇಂಗುತ್ತಿತ್ತು. ಮಗ ತಾಯಿಯ ಸೆರಗಿನಲ್ಲೇ ಅವರ ಗದ್ದ ಒರೆಸಿ, “ಕುಡುದ್ಲು, ಕುಡುದ್ಲು,” ಎಂದು ಹೆಂಡತಿಗೆ ಹೇಳಿದರು.

ಮರುದಿನ ಸಂಜೆ ಮುದುಕಿ ತೀರಿಕೊಂಡರು. ಸುದ್ದಿ ಬಂದು ನಾನು ಹೋದಾಗ ಅವರನ್ನು ಗುಂಡಿಯಲ್ಲಿ ಕೂರಿಸಿ, ನಾನು ಮಸಿ ಬಳಿದ ಕಲ್ಲನ್ನು ಎಡಗೈಯಲ್ಲಿ ಇಟ್ಟಿದ್ದರು. ಮಣ್ಣು ಮುಚ್ಚಿದ ಮೇಲೆ ಮಗ ಬಂದು ಎಲ್ಲರ ಮುಂದೆ ನನ್ನ ಎರಡೂ ಕೈ ಹಿಡಿದುಕೊಂಡರು.

“ನಿನ್ನಿಂದ ಕಣಪ್ಪ ನಮ್ಮವ್ವ ನೀರು ಕುಡಿದು ಓದ್ಲು,” ಎಂದರು.