ಭಾನುವಾರದ ಮೈಲೇಜು

“ಒಂದು ಸಲ ಸಾದಾ ಪೆಟ್ರೋಲ್ ಹಾಕಿ ನೋಡುವ ಅಕ್ಕ, ಅಣ್ಣನಿಗೆ ಹೇಳ್ಬೇಡಿ,” ಎಂದು ಮುಂಬಯಿಯ ಕಾಂದಿವಲಿಯ ಪೆಟ್ರೋಲ್ ಪಂಪಿನಲ್ಲಿ ಕೆಲಸ ಮಾಡುವ ಕುಂದಾಪುರದ ಶೋಭಾ ಪಿಸುಗುಟ್ಟಿದಳು. ನಮ್ಮ ಯಜಮಾನರು ಅತ್ತ ಹೆಲ್ಮೆಟ್ ಒರೆಸುತ್ತಿದ್ದರು. ನಾನು ತಲೆಯಾಡಿಸಿಬಿಟ್ಟೆ.

ವಾರವೆಲ್ಲ ಆಫೀಸಿಗೆ ಸಾದಾ ಪೆಟ್ರೋಲ್, ಭಾನುವಾರ ಮಾಟುಂಗದ ದೇವಸ್ಥಾನಕ್ಕೆ ಹೊರಟರೆ ಮಾತ್ರ ದುಬಾರಿ ಪ್ರೀಮಿಯಂ. ಸ್ಕೂಟರಿಗೂ ಹಬ್ಬದೂಟ ಬೇಕು ಅನ್ನುವುದು ಇವರ ವಾದ. ಭಾನುವಾರ ಲೀಟರಿಗೆ ನಾಲ್ಕು ಕಿಲೋಮೀಟರ್ ಹೆಚ್ಚು ಓಡುತ್ತದೆಂದು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದವಳು ನಾನೇ. ಇವರಿಗೆ ಅದೇ ದೊಡ್ಡ ಹೆಮ್ಮೆ.

ಬೆಳಗಿನ ಆರರ ಹೈವೇ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ತಣ್ಣನೆ ಗಾಳಿ, ಮಡಿಲಲ್ಲಿ ಮಲ್ಲಿಗೆಯ ಪೊಟ್ಟಣ. ಸ್ಕೂಟರ್ ಎಲ್ಲೂ ನಿಲ್ಲದೆ ತೇಲಿದಂತೆ ಸಾಗಿತು. ವಾಪಸ್ ಬಂದು ಟ್ಯಾಂಕ್ ತುಂಬಿಸಿದರೆ, ಅದೇ ನಾಲ್ಕು ಕಿಲೋಮೀಟರ್ ಹೆಚ್ಚು!

“ನೋಡಿದ್ಯಾ ಪ್ರೀಮಿಯಂ ಗಮ್ಮತ್ತು?” ಎಂದು ಇವರು ಬೀಗಿದರು. ಶೋಭಾ ನಗು ತಡೆಯಲಾರದೆ ಮುಖ ತಿರುಗಿಸಿದಳು. ನಾನು ನಿಜ ಹೇಳಿದೆ. ಇವರು ಸ್ಕೂಟರಿನ ಸೀಟು ಸವರಿದರು. ಆಮೇಲೆ ಮೆಲ್ಲಗೆ, “ಹಾಗಾದ್ರೆ ಇಷ್ಟು ದಿನ ಮೈಲೇಜು ಕೊಟ್ಟಿದ್ದು ಭಾನುವಾರದ ಖಾಲಿ ರಸ್ತೆಯೇನೇ?” ಅಂದರು.

ಈಗ ಭಾನುವಾರವೂ ಸಾದಾ ಪೆಟ್ರೋಲೇ. ಇವರ ಬೆನ್ನಿಗೊರಗಿ ಕೂತರೆ ನನಗೆ ಮೀಟರ್ ನೋಡುವುದೇ ಮರೆತುಹೋಗುತ್ತದೆ. ಕ್ಯಾಲೆಂಡರಿನಲ್ಲಿ ಭಾನುವಾರದ ಚೌಕಗಳು ಖಾಲಿಯೇ ಇವೆ.