ಕೆಂಧೂಳಿನಲ್ಲಿ ಅದ್ದಿದ ಸೀರೆ

ಕನ್ನಡ ಎಂ.ಎ. ಮುಗಿಸಿದ ವರ್ಷ ಒಂದು ಸಣ್ಣ ಚಲನಚಿತ್ರಕ್ಕೆ ಸಹಾಯಕ ಬರಹಗಾರನಾಗಿ ಸಂಡೂರಿಗೆ ಹೋಗಿದ್ದೆ. ಅಜ್ಜಿಯ ಪಾತ್ರಕ್ಕೆ ಕಂಪ್ಲಿಯ ಹಿರಿಯ ರಂಗನಟಿ ಗಂಗಮ್ಮ ಬಂದಿದ್ದರು. ಆ ದಿನ ರಸ್ತೆ ಬದಿಯಲ್ಲಿ ಚಿತ್ರೀಕರಣ; ಸಿನಿಮಾದಲ್ಲಿ ಅವರಿಗದು ಮೊದಲ ದೃಶ್ಯ. ಆದರೆ ಅದಿರಿನ ಲಾರಿಗಳು ಹಾದಂತೆಲ್ಲ ಕೆಂಧೂಳಿಗೆ ಅವರ ಬಿಳಿ ಸೀರೆ ಇನ್ನಷ್ಟು ಕೆಂಪಾಗಿ, ಒಂದು ಶಾಟಿನ ಬಣ್ಣ ಮುಂದಿನದಕ್ಕೆ ಹೊಂದುತ್ತಿರಲಿಲ್ಲ. ಬೇಸತ್ತ ನಿರ್ದೇಶಕರು ಆ ದೃಶ್ಯವನ್ನೇ ಕೈಬಿಡೋಣವೆಂದರು.

"ಈ ಊರಾಗ ಬಿಳಿ ಸೀರಿ ಉಡಿಸ್ತಾರೇನ್ರಿ ಸರ? ಒಂದ್ ತಾಸು ಕೊಡ್ರಿ," ಎಂದ ಗಂಗಮ್ಮ, ಬಕೆಟ್ಟಿನ ನೀರಿಗೆ ರಸ್ತೆಯ ಕೆಂಧೂಳು ಕಲಸಿ, ಸೀರೆಯನ್ನು ಅದರಲ್ಲೇ ಅದ್ದಿ ಒಣಹಾಕಿದರು. ಆಮೇಲೆ ಎಷ್ಟು ಲಾರಿ ಹೋದರೂ ಬಣ್ಣ ಬದಲಾಗಲಿಲ್ಲ. ದೃಶ್ಯ ಉಳಿಯಿತು.

"ಇದನ್ನೆಲ್ಲ ಎಲ್ಲಿ ಕಲಿತಿರಮ್ಮಾ?" ಎಂದೆ ನಾನು.

"ನಾಟಕ ಕಂಪನ್ಯಾಗ. ಬಟ್ಟಿ ಹೊಲ್ದೆ, ಬಣ್ಣ ಹಚ್ಚಿದೆ, ಪರದೆ ಎಳದೆ. ಬರೇ ಪಾರ್ಟ್ ಮಾಡ್ತೀವಿ ಅಂದವ್ರು ಜಲ್ದಿ ಮನಿಗೆ ಹೋದ್ರು."

ತೆರೆಯ ಮೇಲೆ ಬರುವ ಹೆಸರುಗಳ ಪಟ್ಟಿ ಬರೆಯುವಾಗ, ಅವರ ಹೆಸರನ್ನು ಅಭಿನಯದಲ್ಲಿ ಸೇರಿಸಲೋ ವಸ್ತ್ರವಿನ್ಯಾಸದಲ್ಲೋ ಎಂದು ಕೇಳಿದೆ.

"ಎರಡೂ ಕಡೆ ಬರಿಯೋ ತಮ್ಮಾ. ಒಂದ್ ಕಡೆ ಕತ್ತರಿ ಬಿದ್ರ ಇನ್ನೊಂದ್ ಕಡೆ ಇರ್ತದ."

ಹೊಸಪೇಟೆಯ ಚಿತ್ರಮಂದಿರದಲ್ಲಿ ಆ ಹೆಸರು ತೆರೆಯ ಮೇಲೆ ಎರಡು ಸಲ ಬಂದಾಗ, ಎರಡು ಸಲವೂ ಎದ್ದುನಿಂತು ಚಪ್ಪಾಳೆ ತಟ್ಟಿದೆ.

"ನಿಮ್ಮ ತಾಯಿ ಏನ್ರಿ?" ಎಂದರು ಪಕ್ಕದವರು.

ಅಲ್ಲವೆನ್ನಲು ನನಗೆ ಮನಸ್ಸಾಗಲಿಲ್ಲ.